ಮಗಳಿಗೂ ಆ ಹುಚ್ಚು ಹತ್ತಿಸಬೇಕಿತ್ತೇ?

"ನಿಮಗಂತೂ ಆಯಿತು, ಮಗಳಿಗೂ ಆ ಹುಚ್ಚು ಹತ್ತಿಸಬೇಕಿತ್ತೇ?"

ಹುಚ್ಚು ಎಂದರೆ ಮೋಟಾರ್‌ಸೈಕಲ್ ಓಡಿಸುವುದು. ಬಂಧುಗಳು ಕೇಳಿದ್ದಾರೆ, ಸಹೋದ್ಯೋಗಿಗಳು ಕೇಳಿದ್ದಾರೆ. ನನ್ನ ಹಲ್ಲು ಕೀಳುತ್ತಿದ್ದ ವೈದ್ಯರೂ ಒಮ್ಮೆ ಕೇಳಿದರು. ಬಾಯಿಯಲ್ಲಿ ಇಕ್ಕಳ ಇಟ್ಟುಕೊಂಡು ಮಲಗಿದವಳಿಂದ ಅವರು ಯಾವ ಉತ್ತರ ನಿರೀಕ್ಷಿಸಿದ್ದರೋ ತಿಳಿಯಲಿಲ್ಲ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ ವಿವರಿಸಿದೆ, ವಾದಿಸಿದೆ, ಎದ್ದು ಹೋದದ್ದೂ ಉಂಟು. ಇನ್ನು ಸಾಕು. ಇಲ್ಲಿ ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಆ ಕ್ರಿಯಾಪದದ ವಿಚಾರ. ಮಗಳಿಗೆ ಸಂಗೀತ ಬಂದರೆ "ಕಲಿಸಿದಿರಿ" ಎನ್ನುತ್ತೀರಿ. ಚದುರಂಗ ಆಡಿದರೆ "ಒಳ್ಳೆಯ ಅಭ್ಯಾಸ ಮಾಡಿಸಿದ್ದೀರಿ" ಎನ್ನುತ್ತೀರಿ. ಮೋಟಾರ್‌ಸೈಕಲ್ ಎಂದ ಕೂಡಲೇ ಅದು "ಹತ್ತಿಸುವುದು" ಆಗಿಬಿಡುತ್ತದೆ, ಬೆಂಕಿ ಹತ್ತಿಸಿದ ಹಾಗೆ, ಚಟ ಹತ್ತಿಸಿದ ಹಾಗೆ. ನಾನು ಮಗಳನ್ನು ಬೈಕ್ ಹತ್ತಿಸಿದ್ದು ನಿಜ. ಹುಚ್ಚು ಹತ್ತಿಸಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗಲೇ ಬೀದಿಯ ತುದಿಯಲ್ಲಿ ಕೇಳಿದ ಸದ್ದಿನಿಂದ ಯಾರ ಗಾಡಿ ಬರುತ್ತಿದೆ ಎಂದು ಹೇಳುತ್ತಿದ್ದವಳಿಗೆ ನಾನು ಹತ್ತಿಸುವಂಥದ್ದು ಏನೂ ಉಳಿದಿರಲಿಲ್ಲ.

"ಹೆಣ್ಣು ಮಗುವಿಗೆ" ಎಂದು ಸೇರಿಸುವವರೂ ಇದ್ದಾರೆ. ಅವರಿಗೆ ಒಂದೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1915ರಲ್ಲಿ ಎಫಿ ಹಾಚ್‌ಕಿಸ್ ಎಂಬ ಯುವತಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಹಾರ್ಲೆ-ಡೇವಿಡ್‌ಸನ್ ಓಡಿಸಿಕೊಂಡು ಹೋದಳು. ಆಗ ಆ ಖಂಡಕ್ಕೆ ಅಡ್ಡಲಾಗಿ ನೆಟ್ಟಗಿನ ರಸ್ತೆಯೇ ಇರಲಿಲ್ಲ. ಪಕ್ಕದ ಸೈಡ್‌ಕಾರಿನಲ್ಲಿ ಕುಳಿತಿದ್ದವರು ಆಕೆಯ ತಾಯಿ ಆವಿಸ್. ನೂರು ವರ್ಷಕ್ಕೂ ಹಿಂದಿನ ಆ ತಾಯಿ ಮಗಳ ಪಕ್ಕದಲ್ಲಿ ಕುಳಿತು ಅಷ್ಟು ದೂರ ಹೋಗಿ, ಹಾಗೆಯೇ ವಾಪಸ್ಸೂ ಬಂದರು. ಇಂದು ನನ್ನನ್ನು ವಿಚಾರಣೆಗೆ ನಿಲ್ಲಿಸುವವರು ಆಕೆಯ ಬಗ್ಗೆ ಓದಿಕೊಂಡು ಬಂದರೆ ನನ್ನ ಸಮಯ ಉಳಿಯುತ್ತದೆ.

ಇನ್ನು ಪ್ರಶ್ನೆಯ ಹೊಟ್ಟೆಯೊಳಗಿರುವ ಪ್ರಶ್ನೆ: ಭಯವಾಗುವುದಿಲ್ಲವೇ? ಆಗುತ್ತದೆ. ಅವಳು ಹೊರಟ ದಿನವೆಲ್ಲ ಆಗುತ್ತದೆ. ಸಂಜೆ ಗೇಟಿನ ಹೊರಗೆ ಎಂಜಿನ್ ನಿಂತು, ಸೈಡ್ ಸ್ಟ್ಯಾಂಡ್ ಕಟಕ್ಕೆಂದು ನೆಲಕ್ಕೆ ತಾಗಿದ ಸದ್ದು ಕೇಳುವವರೆಗೂ ನನ್ನ ಕಿವಿ ಮನೆಯೊಳಗೆ ಇರುವುದಿಲ್ಲ. ಕೇಳುವವರ ದನಿಯಲ್ಲಿ, ನಾನು ಈ ಬಗ್ಗೆ ಯೋಚಿಸಿಯೇ ಇಲ್ಲವೇನೋ ಎಂಬ ಧಾಟಿ ಇರುತ್ತದಲ್ಲ, ಅದು ನನ್ನನ್ನು ಕೆರಳಿಸುತ್ತದೆ. ನನ್ನ ಎಡ ಕೊರಳೆಲುಬಿನಲ್ಲಿ ಮುರಿದು ಕೂಡಿದ ಗಂಟು ಇನ್ನೂ ಇದೆ. ಭಯದ ಬಗ್ಗೆ ನನಗೆ ಹೊರಗಿನವರಿಂದ ಪಾಠ ಬೇಕಿಲ್ಲ.

ಆ ಎಲುಬಿನ ಕಥೆ ಹೇಳಬೇಕು.

ನನಗೆ ಬೈಕ್ ಕಲಿಸಿದ್ದು ಅಪ್ಪ, ತಮ್ಮ ಯೆಜ್ಡಿಯ ಮೇಲೆ. ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬರುತ್ತಿದ್ದ ಆ ಟೂ ಸ್ಟ್ರೋಕ್ ಗಾಡಿಗಳನ್ನು ನೋಡಿದವರಿಗೆ ಗೊತ್ತಿರುತ್ತದೆ: ಎಡಗಡೆಯ ಗೇರ್ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಅಪ್ಪನಿಗೆ ಕಲಿಸಿದ್ದು ಅವರ ಅಣ್ಣ. ದೊಡ್ಡಪ್ಪನಿಗೆ ಯಾರು ಕಲಿಸಿದರೋ, ಬಹುಶಃ ಬಿದ್ದೂ ಬಿದ್ದೂ ತಾವೇ ಕಲಿತರೋ. ಆ ಸಾಲಿನಲ್ಲಿ ಇಳಿದು ಬಂದ ಮೊದಲ ಪಾಠ ಇದು: "ಮುಂದಿನ ಬ್ರೇಕ್ ಮುಟ್ಟಬೇಡ. ಮುಟ್ಟಿದರೆ ತಲೆಕೆಳಗಾಗುತ್ತೀಯ."

ನಾನು ಮುಟ್ಟಲಿಲ್ಲ. ಏಳು ವರ್ಷ ಮುಟ್ಟಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮಳೆ ಆಗಷ್ಟೇ ನಿಂತ ಒಂದು ಸಂಜೆ, ಎದುರಿನಿಂದ ಬಂದ ಕಾರೊಂದು ನನ್ನ ದಾರಿಗೆ ಅಡ್ಡವಾಗಿ ಬಲಕ್ಕೆ ತಿರುಗಿತು. ಬಲಗಾಲು ಪೆಡಲನ್ನು ಪೂರ್ತಿ ಒತ್ತಿತು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಪಕ್ಕಕ್ಕೆ ಜಾರಿತು. ಬಲಗೈಯ ನಾಲ್ಕು ಬೆರಳುಗಳೂ ಹಿಡಿಯ ಮೇಲೆ ಬಿಗಿಯಾಗಿ ಕುಳಿತಿದ್ದವು, ಒಂದು ಬೆರಳೂ ಬ್ರೇಕಿನತ್ತ ಚಾಚಲಿಲ್ಲ. ಕಾರಿನ ಬಾಗಿಲಿಗೆ ಬಡಿಯುವ ಹೊತ್ತಿಗೆ ನಾನು ಬೈಕಿನ ಮೇಲೆ ಇರಲೇ ಇಲ್ಲ.

ಆಸ್ಪತ್ರೆಗೆ ಬಂದ ಅಪ್ಪ ಹಾಸಿಗೆಯ ಪಕ್ಕ ನಿಂತು ಕೇಳಿದ ಮೊದಲ ಮಾತು: "ಮುಂದಿನ ಬ್ರೇಕ್ ಹಿಡಿದೆಯಾ?"

"ಇಲ್ಲಪ್ಪ" ಎಂದೆ.

ಅವರ ಮುಖದಲ್ಲಿ ಕಂಡ ಸಮಾಧಾನ ನನಗೆ ಇವತ್ತಿಗೂ ನೆನಪಿದೆ. ಮಗಳು ತಪ್ಪು ಮಾಡಿಲ್ಲ, ಹೇಳಿದ್ದನ್ನು ಪಾಲಿಸಿದ್ದಾಳೆ ಎಂಬ ಸಮಾಧಾನ. ನಾನೂ ಹಾಗೆಯೇ ನಂಬಿದೆ. ಕಾರಿನವನನ್ನು ಇಬ್ಬರೂ ಸೇರಿ ಬೈದೆವು.

ಎಷ್ಟೋ ವರ್ಷಗಳ ನಂತರ ಹರ್ಟ್ ವರದಿಯ ವಿಷಯ ಓದಿದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಇನ್ನೊಂದು ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನದವರು ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದರಿಂದ ಆದವು ಎಂದು ಅದರಲ್ಲಿತ್ತು. ಸರಿಯಾಗಿಯೇ ಇದೆ ಎಂದುಕೊಂಡೆ. ಮುಂದೆ ಓದಿದೆ: ಅಪಾಯ ಎದುರಾದಾಗ ಸವಾರರಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರ ಜಾರಿಸಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ. ಅಪಘಾತಕ್ಕೆ ಸಿಕ್ಕವರಲ್ಲಿ ಶೇ 92ರಷ್ಟು ಮಂದಿ ತಾವಾಗಿಯೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು.

ಮನೆಯವರಿಂದ. ಆ ಪದದ ಮೇಲೆ ನಾನು ಬಹಳ ಹೊತ್ತು ನಿಂತೆ.

ಅಪ್ಪನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರ ಪಾಠ ಎಲ್ಲಿಂದ ಹುಟ್ಟಿತು ಎಂಬುದೂ ನನಗೆ ಅರ್ಥವಾಗುತ್ತದೆ. ಜಲ್ಲಿ ಎದ್ದ ರಸ್ತೆಯಲ್ಲಿ ದೊಡ್ಡಪ್ಪ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದು ಬಿದ್ದಿರಬೇಕು. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಕ್ಷಣವಾದರೂ ಸಿಗುತ್ತದೆ, ಮುಂದಿನದು ಜಾರಿದರೆ ಅದೂ ಇಲ್ಲ. ತಪ್ಪು ಗಕ್ಕನೆ ಹಿಡಿದದ್ದರಲ್ಲಿತ್ತು, ಶಿಕ್ಷೆ ಬ್ರೇಕಿಗೆ ಬಿತ್ತು. ವೇಗ ತಗ್ಗುವಾಗ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ಸರಿಯುತ್ತದೆ, ಮುಂದಿನ ಟೈರನ್ನು ನೆಲಕ್ಕೆ ಅದುಮುತ್ತದೆ, ಅದರ ಹಿಡಿತ ಹೆಚ್ಚುತ್ತದೆ. ಅದೇ ಹೊತ್ತಿಗೆ ಹಿಂದಿನ ಚಕ್ರ ಹಗುರವಾಗಿ ಸುಲಭವಾಗಿ ಜಾರುತ್ತದೆ. ಹಾಗಾಗಿ ಬೈಕನ್ನು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಮೊದಲು ಮೆಲ್ಲಗೆ ಒತ್ತಿ ಭಾರ ಮುಂದಕ್ಕೆ ಬರಲು ಬಿಡಬೇಕು, ಆಮೇಲೆ ಸ್ಪಂಜು ಹಿಂಡಿದ ಹಾಗೆ ಒತ್ತುತ್ತಾ ಹೋಗಬೇಕು. ಇಷ್ಟೇ. ಈ ನಾಲ್ಕು ಮಾತು ನಮ್ಮ ಮನೆಗೆ ಬರಲು ಎರಡು ತಲೆಮಾರು ಮತ್ತು ನನ್ನ ಒಂದು ಎಲುಬು ಬೇಕಾಯಿತು.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ, ನಾನೇ ಕೇಳಿಕೊಳ್ಳುತ್ತೇನೆ: ಅಪ್ಪ ಕೊಟ್ಟದ್ದರಲ್ಲಿ ಯಾವುದನ್ನು ಮಗಳಿಗೆ ಕೊಡಲಿಲ್ಲ?

ಕೊಟ್ಟದ್ದು ಬಹಳ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ಓದುವುದನ್ನು ಕೊಟ್ಟೆ: ತಿಳಿಗಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಬೆಳ್ಳಗಿದ್ದರೆ ವಿಪರೀತ ಕಾಯುತ್ತಿದೆ. ಬೆಳಿಗ್ಗೆ ಹೊರಡುವ ಮೊದಲು ಟೈರಿನ ಗಾಳಿ, ಚೈನಿನ ಸಡಿಲ ನೋಡುವುದನ್ನು ಕೊಟ್ಟೆ. ಎಂಜಿನ್ನಿನ ಸದ್ದು ಬದಲಾದರೆ ಮಾತು ನಿಲ್ಲಿಸಿ ಕೇಳಿಸಿಕೊಳ್ಳುವುದನ್ನು ಕೊಟ್ಟೆ.

ಒಂದು ಪಾಠವನ್ನು ತಿದ್ದಿ ಕೊಟ್ಟೆ. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡ, ಆಗಾಗ ಸ್ವಲ್ಪ ತಿರುಗಿಸು ಎನ್ನುತ್ತಿದ್ದರು ಅಪ್ಪ. ಯೆಜ್ಡಿಗೆ ಅದು ಸರಿಯಾದ ಮಾತು. ಅದರಲ್ಲಿ ಪಿಸ್ಟನ್ನಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆ ಬೆರೆತೇ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಕಚ್ಚಿಕೊಳ್ಳಬಹುದು. ಮಗಳ ಫೋರ್ ಸ್ಟ್ರೋಕ್ ಬೈಕಿಗೆ ಎಣ್ಣೆಯ ವ್ಯವಸ್ಥೆಯೇ ಬೇರೆ, ಆ ಮಾತಿನ ಅಗತ್ಯ ಅದಕ್ಕಿಲ್ಲ.

ಕೊಡದೆ ಉಳಿಸಿಕೊಂಡದ್ದು ಎರಡು. ಒಂದು ಆ ಬ್ರೇಕಿನ ಪಾಠ. ಇನ್ನೊಂದನ್ನು ಹೇಳುವುದು ನನಗೆ ಕಷ್ಟ.

ನಾಲ್ಕೈದು ವರ್ಷದವಳಾಗಿದ್ದಾಗ ಅಪ್ಪ ನನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಕಾಲ ಕೆಳಗೆ ಬೆಚ್ಚಗಿನ ಎಂಜಿನ್, ಬೆನ್ನಿಗೆ ಅಪ್ಪನ ಎದೆ, ಎರಡೂ ಕಡೆ ಅವರ ತೋಳು, ಮುಖಕ್ಕೆ ಇಡೀ ರಸ್ತೆ. ನನ್ನ ಬದುಕಿನ ಮೊದಲ ಸ್ಪಷ್ಟ ನೆನಪು ಅದು. ಮೋಟಾರ್‌ಸೈಕಲ್ ಮೇಲಿನ ನನ್ನ ಪ್ರೀತಿಗೆ ಒಂದು ಬೇರು ಇದ್ದರೆ ಅದು ಆ ಟ್ಯಾಂಕಿನ ಮೇಲೆಯೇ ಇದೆ. ಮಗಳು ಅದೇ ವಯಸ್ಸಿಗೆ ಬಂದಾಗ, ಟ್ಯಾಂಕಿನ ಮೇಲೆ ಅಂಗೈ ಇಟ್ಟು "ನಾನು ಇಲ್ಲಿ ಕೂರುತ್ತೇನೆ" ಎಂದಳು. ಕೂರಿಸಲಿಲ್ಲ. ಅಲ್ಲಿ ಕುಳಿತ ಮಗುವಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಬೈಕ್ ಗಕ್ಕನೆ ನಿಂತರೆ ಹ್ಯಾಂಡಲ್‌ಬಾರಿಗೂ ದೊಡ್ಡವರ ದೇಹದ ಭಾರಕ್ಕೂ ನಡುವೆ ಸಿಕ್ಕಿಕೊಳ್ಳುವುದು ಮಗುವೇ. ಅವಳು ಅತ್ತಳು. ನಿಂತ ಬೈಕಿನ ಮೇಲೆ, ಎಂಜಿನ್ ಆರಿಸಿ, ಸ್ಟ್ಯಾಂಡ್ ಹಾಕಿ ಕೂರಿಸಿದೆ. ಬಾಯಲ್ಲೇ ಸದ್ದು ಮಾಡುತ್ತಾ ಅರ್ಧ ಗಂಟೆ ಎಲ್ಲೆಲ್ಲಿಗೋ ಹೋಗಿ ಬಂದಳು. ನನಗಿರುವ ಆ ನೆನಪು ಅವಳಿಗಿಲ್ಲ. ಅದನ್ನು ಅವಳಿಂದ ತಪ್ಪಿಸಿದವಳು ನಾನು, ಮತ್ತೆ ಆ ದಿನ ಬಂದರೂ ತಪ್ಪಿಸುತ್ತೇನೆ. "ಹುಚ್ಚು ಹತ್ತಿಸಿದಿರಿ" ಎನ್ನುವವರಿಗೆ ಈ ಒಂದು ವಿಷಯ ಗೊತ್ತಿರಲಿ.

ಅವಳಿಗೆ ಹದಿನೆಂಟು ತುಂಬಿದಾಗ ನಾನು ಕಲಿಸಲಿಲ್ಲ. ತರಬೇತುದಾರರ ಬಳಿ ಕಳಿಸಿದೆ, ಜೊತೆಗೆ ನಾನೂ ವಿದ್ಯಾರ್ಥಿಯಾಗಿ ಸೇರಿದೆ. ಇಪ್ಪತ್ತೊಂಬತ್ತು ವರ್ಷ ಬೈಕ್ ಓಡಿಸಿದವಳು, ಮೊದಲ ದಿನ ಓಡಿಸುತ್ತಿದ್ದ ಹುಡುಗಿಯ ಪಕ್ಕದಲ್ಲಿ ಸಾಲಾಗಿ ನಿಂತೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದು, ಗುರುತಿನ ಬಳಿ ಆದಷ್ಟು ಬೇಗ ನಿಲ್ಲಿಸಿ ಎಂದರು. ವರದಿ ಓದಿದ್ದೆ, ಕಾರಣ ಗೊತ್ತಿತ್ತು, ಬೇರೆಯವರಿಗೆ ವಿವರಿಸಿಯೂ ಇದ್ದೆ. ಗುರುತು ಬಂತು, ಬಲಗಾಲು ಒತ್ತಿತು, ಬೆರಳುಗಳು ಅಲುಗಲಿಲ್ಲ. ಮಗಳು ನಿಂತ ಜಾಗದಿಂದ ನಾನು ನಿಂತ ಜಾಗದವರೆಗೆ ಮೂರು ಬೈಕುಗಳನ್ನು ಒಂದರ ಹಿಂದೊಂದು ನಿಲ್ಲಿಸಬಹುದಿತ್ತು. ತಲೆಗೆ ಗೊತ್ತಾದದ್ದು ಕೈಗೆ ಇಳಿದಿರಲಿಲ್ಲ. ಕೈಗೆ ಇಳಿಯಲು ಆ ಮೈದಾನದಲ್ಲಿ ನಾಲ್ಕು ಭಾನುವಾರ ಬೇಕಾದವು.

ಅಂದು ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕಾರು, ಮಳೆ, ಬೆರಳು, ಆ ಶೇ 92. ಎಪ್ಪತ್ತಾರು ವರ್ಷದವರಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿ ನೋಡಿದ್ದೆ. ಅವರು ನಡುವೆ ಒಂದು ಮಾತೂ ಆಡದೆ ಕೇಳಿದರು. ಬಹಳ ಹೊತ್ತಿನ ನಂತರ, "ಇದನ್ನು ನನಗೆ ಯಾರೂ ಹೇಳಿರಲಿಲ್ಲ" ಎಂದರು. ಆಮೇಲೆ ಎದ್ದು ಹೋಗಿ, ಹೊದಿಕೆ ತೆಗೆದು, ಯೆಜ್ಡಿಯ ಮೇಲೆ ಕುಳಿತು, ಬಲಗೈಯ ಬೆರಳುಗಳಿಂದ ಮುಂದಿನ ಬ್ರೇಕನ್ನು ಮೆಲ್ಲಗೆ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ಅವರೊಡನೆ ವಾದ ಇನ್ನೂ ಮುಗಿದಿಲ್ಲ. ಹತ್ತಿರಕ್ಕೆ ಹೋಗುವುದಾದರೆ ಏಕೆ ಎನ್ನುತ್ತಾರೆ. ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಯ ಗಾಯದ ಅಪಾಯವನ್ನು ಶೇ 69ರಷ್ಟು ಕಡಿಮೆ ಮಾಡುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ 2008ರ ಕಾಕ್ರೇನ್ ಪರಾಮರ್ಶೆ ಹೇಳಿದ್ದನ್ನು ಮೊಮ್ಮಗಳು ಅವರಿಗೆ ಓದಿ ಹೇಳಿದಳು. ಅಂಕಿಗಳಿಗೆ ಅವರು ಮಣಿಯಲಿಲ್ಲ. "ಹಾಕಿಕೊಳ್ಳದಿದ್ದರೆ ನನ್ನ ಬೈಕ್ ಹತ್ತುವಂತಿಲ್ಲ, ತಾತ" ಎಂದಾಗ ಹಾಕಿಕೊಂಡರು. ಅವಳೇ ಪಟ್ಟಿ ಬಿಗಿದು, ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ ನೋಡುತ್ತಾಳೆ. ಹಿಂದಿನ ಸೀಟಿನಲ್ಲಿ ಕುಳಿತ ಅಪ್ಪ ಟ್ಯಾಂಕಿನ ಮೇಲೆ ಕುಳಿತ ನನ್ನಷ್ಟೇ ಖುಷಿಯಾಗಿ ಕಾಣುತ್ತಾರೆ.

ಅವಳು ಒಬ್ಬಳೇ ಹೊರಡುವ ದಿನ ಅಪ್ಪ ಗೇಟಿನವರೆಗೂ ಬರುತ್ತಾರೆ. ನಾನು ಹೊರಡುವಾಗಲೂ ಬರುತ್ತಿದ್ದರು, "ಮುಂದಿನದು ಮುಟ್ಟಬೇಡ" ಎಂದು ಕೂಗುತ್ತಿದ್ದರು. ಈಗಲೂ ಕೂಗುತ್ತಾರೆ. ಬೈಕ್ ತಿರುವು ದಾಟುವವರೆಗೂ ಕೂಗುತ್ತಾರೆ: "ಎರಡೂ ಬ್ರೇಕ್, ಮಗೂ! ಎರಡೂ!"