ಮಂಗ್ಯಾ ಅಂದ್ರೆ ಮುದ್ದು, ಮಂಕಿ ಅಂದ್ರೆ ಜಗಳ

ನಮ್ಮ ಜಮಖಂಡಿ ಕಡೆ ಬೈಗುಳ ಇಲ್ಲದ ಗೆಳೆತನವನ್ನು ಯಾರೂ ನಂಬುವುದಿಲ್ಲ. ಗುರುತಿಲ್ಲದವರಿಗೆ ಮಾತಿಗೊಂದು 'ರೀ' ಹಚ್ಚುತ್ತೇವೆ. ಸಾಲಿ ಗೆಳೆಯ ಸಿಕ್ಕರೆ ಮಾತ್ರ 'ಲೇ ಮಗನ, ಎಲ್ಲಿ ಹಾಳಾಗಿ ಹೋಗಿದ್ದಿ' ಅಂತಲೇ ಶುರು. ಅದೇ ಗೆಳೆಯ ಒಂದು ದಿನ 'ಬರ್ರಿ, ಕೂಡ್ರಿ' ಅಂದನೋ, ಏನೋ ಮುನಿಸಿದೆ ಅಂತ ಅರ್ಥ. ಮೊಮ್ಮಗ ಬಿಸಿಲಲ್ಲಿ ಅಲೆದರೆ ಆಯಿ 'ನಿನ್ನ ಹೆಣಾ ಎತ್ತಲಿ, ಒಳಗ ಬಂದು ರೊಟ್ಟಿ ತಿನ್ನು' ಅಂತಾಳೆ. ಹೆಣಕ್ಕೂ ರೊಟ್ಟಿಗೂ ನಡುವೆ ಉಸಿರು ಕೂಡ ತಗೊಳ್ಳಲ್ಲ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೇ ಶತಮಾನದಲ್ಲೇ 'ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ' ಅಂದಿದ್ದರು. ನಮ್ಮ 'ಲೇ' ಆ 'ಎಲವೋ'ನ ತಮ್ಮನೇ ಇರಬೇಕು. ಆದರೂ ನಮಗೆ ಆ ನರಕವೇ ಹಿತ.

ಮೆಲ್ಬರ್ನಿಗೆ ಬಂದಾಗ, ಮಾತಿನ ವಿಷಯದಲ್ಲಿ ಇಲ್ಲಿಯವರು ನಮ್ಮ ಕಡೆಯವರೇ ಅನ್ನಿಸಿತು. 'ಬ್ಲಡಿ' ಇಲ್ಲದೆ ವಾಕ್ಯ ಮುಗಿಯಲ್ಲ. ಆಪ್ತ ಗೆಳೆಯನನ್ನು 'ಬಾಸ್ಟರ್ಡ್' ಅಂದು ಬೆನ್ನು ತಟ್ಟುತ್ತಾರೆ. 'ಮೇಟ್' ಅಂದರೆ ಗೆಳೆಯ, ಸರಿ. ಆದರೆ ಪಾರ್ಕಿಂಗ್ ಜಾಗಕ್ಕೆ ತಕರಾರು ಬಂದಾಗ ಒಬ್ಬರು ಹಲ್ಲು ಕಚ್ಚಿ 'ಮೇಟ್' ಅಂದರೆ ಸುಮ್ನೆ ಹಿಂದೆ ಸರಿಯೋದು ಒಳ್ಳೆಯದು.

ಈ 'ಬ್ಲಡಿ' ಒಂದು ಕಾಲಕ್ಕೆ ಭಾರಿ ಪದ. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಶಾ ನಾಟಕದ ನಾಯಕಿ ವೇದಿಕೆ ಮೇಲೆ ಅದನ್ನು ಅಂದಿದ್ದೇ ದೊಡ್ಡ ಸುದ್ದಿಯಾಗಿತ್ತು. 2006ರಲ್ಲಿ ಆಸ್ಟ್ರೇಲಿಯಾ ಪ್ರವಾಸಿಗರನ್ನು ಕರೆಯೋ ಜಾಹೀರಾತಿನಲ್ಲೇ ಅದನ್ನು ಸೇರಿಸಿತು. ಬ್ರಿಟನ್ನಿನ ಟಿವಿಯವರು ಮೊದಲು ಬೇಡ ಅಂದರು, ಆಮೇಲೆ ಒಪ್ಪಿದರು. ಇಲ್ಲಿಯವರಿಗೆ ಅದೇ ನಗೆಪಾಟಲು.

ನನಗೆ ಇದಕ್ಕಿಂತ ಕುತೂಹಲ 2008ರ ಜನವರಿಯ ಸಿಡ್ನಿ ಟೆಸ್ಟ್. ನೆನಪಿದೆ ಅಲ್ವಾ? ನಮ್ಮ ಹರ್ಭಜನ್ ಸಿಂಗ್ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್‌ಗೆ 'ಮಂಕಿ' ಅಂದರು ಅಂತ ದೂರು ಹೋಯಿತು. 3 ಟೆಸ್ಟ್ ನಿಷೇಧ ಬಿತ್ತು. ಮೇಲ್ಮನವಿಯಲ್ಲಿ ಆ ಆರೋಪ ನಿಲ್ಲಲಿಲ್ಲ, ನಿಷೇಧ ಹೋಯಿತು, ಕೆಟ್ಟ ಮಾತಿಗೆ ಪಂದ್ಯದ ಶುಲ್ಕದಲ್ಲಿ ಅರ್ಧ ದಂಡ ಉಳಿಯಿತು. ಬಹಳ ಮಂದಿ ಮರೆತಿರೋದು ಇನ್ನೊಂದು ದೂರು. ಅದೇ ಪಂದ್ಯದಲ್ಲಿ ಬ್ರಾಡ್ ಹಾಗ್ ನಮ್ಮ ಅನಿಲ್ ಕುಂಬ್ಳೆಗೂ ಧೋನಿಗೂ 'ಬಾಸ್ಟರ್ಡ್ಸ್' ಅಂದರು ಅಂತ ನಮ್ಮವರೂ ದೂರು ಕೊಟ್ಟಿದ್ದರು. ಕುಂಬ್ಳೆ ಆಮೇಲೆ ಅದನ್ನು ವಾಪಸ್ ತಗೊಂಡರು.

ನೋಡಿ, ಒಂದೇ ಮೈದಾನ. ಅವರಿಗೆ ನೀರು ಕುಡಿದಷ್ಟು ಸಲೀಸಾದ ಮಾತು ನಮಗೆ ತಾಯಿಯನ್ನೇ ಎಳೆದಂತೆ. ನಮ್ಮಲ್ಲಿ ಮಂಗ್ಯಾ ಅಂದರೆ ತುಂಟ ಹುಡುಗ. ಊರಿಗೊಂದು ಹನಮಪ್ಪನ ಗುಡಿ ಇರುವ ನಾಡು ನಮ್ಮದು, ಮಂಗನಲ್ಲಿ ಅವಮಾನ ಎಲ್ಲಿಂದ ಬರಬೇಕು? ಆದರೆ ಕಪ್ಪು ಜನರನ್ನು ಮನುಷ್ಯರೇ ಅಲ್ಲ ಅನ್ನೋದಕ್ಕೆ ಬಿಳಿಯರು ತಲೆಮಾರುಗಟ್ಟಲೆ ಬಳಸಿದ ಪದ ಅದು. ಯುರೋಪಿನ ಫುಟ್ಬಾಲ್ ಮೈದಾನಗಳಲ್ಲಿ ಕಪ್ಪು ಆಟಗಾರರ ಮೇಲೆ ಬಾಳೆಹಣ್ಣು ಎಸೆದಿದ್ದಾರೆ. ಸೈಮಂಡ್ಸ್ ಕೆರಿಬಿಯನ್ ಮೂಲದವರು. 2007ರಲ್ಲಿ ವಡೋದರ, ಮುಂಬೈ ಪಂದ್ಯಗಳಲ್ಲಿ ನಮ್ಮ ಪ್ರೇಕ್ಷಕರೇ ಅವರನ್ನು ನೋಡಿ ಮಂಗನ ಕೂಗು ಹಾಕಿದ್ದರು. ಆ ಕೂಗಿನಲ್ಲಿ ಹನಮಪ್ಪ ಇರಲಿಲ್ಲ. ಬಣ್ಣ ನೋಡಿಯೇ ಕೂಗಿದ್ದು.

ನಮ್ಮ ವಾರದ ಕೊನೆಯ ಕ್ರಿಕೆಟ್ ತಂಡದಲ್ಲೂ ಇದು ಬಂತು. ಇಳಕಲ್ಲಿನ ಹುಡುಗ ಒಬ್ಬ ಹೊಸದಾಗಿ ಸೇರಿದ್ದ. ಸುಡಾನ್ ಮೂಲದ ಗೆಳೆಯ ಬೌಂಡರಿಯಲ್ಲಿ ಹಾರಿ ಕ್ಯಾಚ್ ಹಿಡಿದಾಗ ಇವನು ಖುಷಿಗೆ 'ಮಂಕಿ!' ಅಂತ ಕೂಗಿದ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಕ್ಯಾಚ್ ಹಿಡಿದವನು ಚೆಂಡನ್ನು ಪಿಚ್ ಕಡೆ ಎಸೆಯಲಿಲ್ಲ, ಕೈಯಲ್ಲೇ ಹಿಡಿದು ನಡೆದು ಬಂದ. ಕ್ಯಾಪ್ಟನ್ ಆಟ ನಿಲ್ಲಿಸಿದರು. ನಮ್ಮ ಹುಡುಗ ಗಾಬರಿಯಾಗಿ ನನ್ನ ಕಡೆ ತಿರುಗಿದ. 'ಅಣ್ಣಾ, ನಮ್ಮ ಆಯಿ ನನಗ ದಿನಾ ಮಂಗ್ಯಾನ ಮಗನ ಅಂತಿದ್ಲು. ಅದರಾಗ ಏನ್ ತಪ್ಪೈತಿ?'

'ನಿಮ್ಮ ಆಯಿ ಅಂದಿದ್ದು ನಿನಗ. ಇವನಿಗೆ ಯಾರ್ ಯಾರ್ ಏನಂತ ಕರದಾರ, ನಿನಗ ಗೊತ್ತೈತೇನು?' ಅಂದೆ. ಅವನು ಹೋಗಿ ಸಾರಿ ಕೇಳಿದ. ಗೆಳೆಯ ತಲೆ ಆಡಿಸಿದ, ಅಷ್ಟೇ. ಅಪ್ಪಿಕೊಂಡು ನಗಾಡಿದರು ಅಂತ ಬರೆದರೆ ಸುಳ್ಳಾಗುತ್ತದೆ. ಮುಂದಿನ ವಾರವೂ ಇಬ್ಬರೂ ದೂರ ದೂರವೇ ನಿಂತರು.

ಬೈಸಿಕೊಂಡವರೇ ಪದವನ್ನು ಕಸಿದುಕೊಂಡದ್ದೂ ಇದೆ. ಇಲ್ಲಿ ಗ್ರೀಕ್, ಇಟಲಿ ವಲಸಿಗರನ್ನು 'ವಾಗ್' ಅಂತ ಹೀಯಾಳಿಸುತ್ತಿದ್ದರು. 1987ರಲ್ಲಿ ಅವರ ಮಕ್ಕಳ ಪೀಳಿಗೆಯ ಕಲಾವಿದರು ಆ ಪದವನ್ನೇ ಹೆಸರಲ್ಲಿಟ್ಟು ಹಾಸ್ಯ ನಾಟಕ ಮಾಡಿದರು, ಜನ ಮುಗಿಬಿದ್ದು ನೋಡಿದರು. ಈಗ ಅವರಲ್ಲಿ ಬಹಳ ಮಂದಿ ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ. ಹಾಗಂತ ನಾನು ಕರೆಯಲು ಹೋಗಲ್ಲ. ಬ್ರಿಟನ್ನಿನಲ್ಲಂತೂ ಅದೇ ಪದ ಕಪ್ಪು ಜನರಿಗೂ ನಮ್ಮಂಥವರಿಗೂ ಹಾಕುವ ಕೆಟ್ಟ ಬೈಗುಳ. ಅಲ್ಲಿ ಯಾರೂ ಅದನ್ನು ನಗುತ್ತಾ ಹೇಳಲ್ಲ.

'ಈಗ ಅದಕ್ಕ ಆ ಅರ್ಥ ಎಲ್ಲೈತಿ? ಸುಮ್ನ ಬಾಯಿಗೆ ಬರ್ತೈತಿ' ಅನ್ನೋ ವಾದ ಊರಲ್ಲಿ ಜಾಸ್ತಿ. ಬೋಳಿಮಗನ, ರಂಡಿಮಗನ, ಮುಂಡೆಮಗನ. ಮೂರರ ಬುಡದಲ್ಲೂ ಗಂಡ ಸತ್ತ ಹೆಣ್ಣೇ ಇದ್ದಾಳೆ. ಬೋಳಿ ಅಂದರೆ ತಲೆ ಬೋಳಿಸಿಕೊಂಡವಳು. ಬೋಳಿಸೋ ಪದ್ಧತಿ ಹೋಯಿತು, ಬೈಗುಳ ಉಳಿಯಿತು. ವಿಧವೆಯರು ಮದುವೆಯಾಗಬಹುದು ಅಂತ ಕಾನೂನು ಬಂದಿದ್ದು 1856ರಲ್ಲಿ. ನಮ್ಮ ಓಣಿಯ ಬಾಯಿಗೆ ಆ ಕಾನೂನು ಇನ್ನೂ ಮುಟ್ಟಿಲ್ಲ.

ಹೋದ ಸಲ ಊರಿಗೆ ಹೋದಾಗ ನಮ್ಮ ಕಟ್ಟೆ ಮೇಲೆ ಹುಡುಗರು ಮೊಬೈಲಿನಲ್ಲಿ ಲೂಡೋ ಆಡುತ್ತಾ ಈ ಮೂರನ್ನೂ ಧಾರಾಳವಾಗಿ ಬಳಸುತ್ತಿದ್ದರು. ಸಿಟ್ಟಿಲ್ಲ, ದ್ವೇಷ ಇಲ್ಲ, ಬರೀ ನಗು. ಒಳಗೆ ಚಿಗವ್ವ ಜೋಳ ಹಸನು ಮಾಡುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡವಳು, ಒಬ್ಬಳೇ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಆ ಮಗನೂ ಅದೇ ಕಟ್ಟೆ ಮೇಲಿದ್ದ. ಮೊರ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು.

'ಬೈಕೊಳ್ಳೋದಾದ್ರ ನಿಮ್ಮ ನಿಮ್ಮ ಹೆಸರಿಲೆ ಬೈಕೋರಿ. ನಡುವ ನನ್ಯಾಕ ಎಳೀತೀರಿ?'

'ಯವ್ವಾ, ನಿನಗಲ್ಲಬೇ' ಅಂದ ಮಗ.

'ಮತ್ತ ಯಾರಿಗೆ? ಈ ಓಣ್ಯಾಗ ಇನ್ಯಾರ ಅದಾರ ಹೇಳು.'

ಹುಡುಗರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಈಗ ಅವರ ಲೂಡೋ ಪಂಚಾಯ್ತಿ ಆಚೆ ಓಣಿಯ ಕಟ್ಟೆಗೆ ಹೋಗಿದೆಯಂತೆ. ಅಲ್ಲಿ ಏನು ಬೈದುಕೊಳ್ಳುತ್ತಾರೋ, ಚಿಗವ್ವ ಫೋನಿನಲ್ಲಿ ಹೇಳಲಿಲ್ಲ.