ಐದು ಚಪ್ಪಾಳೆ, ಮೂರು ತುಂಡು

ಸ್ಟುಟ್‌ಗಾರ್ಟ್‌ನಲ್ಲಿ ಮಗಳು ಒಂದನೇ ಕ್ಲಾಸು. ಇಲ್ಲಿ ಶಾಲೆಯಲ್ಲಿ ಪದಗಳನ್ನು ಚಪ್ಪಾಳೆ ತಟ್ಟಿ ಒಡೆಸುತ್ತಾರೆ. ಭಾನುವಾರ ಪಾತ್ರೆ ಒರೆಸುತ್ತಿದ್ದಾಗ ಅವಳ ಕೈಗೆ ಊಟದ ಡಬ್ಬಿ ಸಿಕ್ಕಿತು. ತಳದಲ್ಲಿ ‘ಷ್ಪ್ಯೂಲ್‌ಮಶೀನೆನ್‌ಫೆಸ್ಟ್’ ಅಂತಿತ್ತು. ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕಿದರೂ ಹಾಳಾಗಲ್ಲ ಅಂತ ಅರ್ಥ.

“ಷ್ಪ್ಯೂಲ್-ಮ-ಶೀ-ನೆನ್-ಫೆಸ್ಟ್!” ಐದು ಚಪ್ಪಾಳೆ. “ಅಪ್ಪಾ, ಈಗ ನೀನು.”

ನಾನು ಮೂರೇ ತಟ್ಟಿದೆ. ಷ್ಪ್ಯೂಲ್ ಅಂದರೆ ತೊಳೆಯೋದು, ಮಶೀನೆ ಅಂದರೆ ಮೆಷಿನ್ನು, ಫೆಸ್ಟ್ ಅಂದರೆ ಗಟ್ಟಿ. ನಡುವಿನ ‘ನ್’ ಬರೀ ಬೆಸುಗೆ. ಅವಳು ಒಪ್ಪಲಿಲ್ಲ, “ಮೋಸ!” ಅಂದಳು.

ಅವಳದು ಬಾಯಿಯ ಲೆಕ್ಕ, ನನ್ನದು ಅರ್ಥದ ಲೆಕ್ಕ. ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಜರ್ಮನ್ನರಿಗೆ ಎರಡೂ ಬೇಕು. ಮೊದಲು ಬೆಸುಗೆಯ ಜಾಗ ನೋಡಬೇಕು, ಆಮೇಲೆ ಪ್ರತಿ ತುಂಡಿನೊಳಗೆ ಬಾಯಿ ಹೇಳಿದಂತೆ. ಔಷಧಿ ಡಬ್ಬಿ ತಂದು ತೋರಿಸಿದೆ: ಫೆರ್-ಶ್ರೈ-ಬುಂಗ್ಸ್-ಪ್ಫ್ಲಿಷ್-ಟಿಷ್. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ ಅಂತ. ಅಲ್ಲಿ ‘ಸ್’ ಬೆಸುಗೆ. ಅದು ಹಿಂದಿನ ತುಂಡಿಗೇ ಅಂಟಿಕೊಳ್ಳಬೇಕು, ಮುಂದಕ್ಕೆ ತಳ್ಳಿದರೆ ‘ಸ್ಪ್ಫ್ಲಿಷ್’ ಅಂತ ನಾಲಿಗೆ ಗಂಟು ಬೀಳುತ್ತೆ. ಇಂಥ ಪದ ಸಿಕ್ಕರೆ ನಾನು ಬಾಲದಿಂದ ಓದೋದು. ಗುಣ ಹೇಳುವ ತುಂಡು ಯಾವಾಗಲೂ ಕೊನೇದು.

ಆಮೇಲೆ ನಿಜವಾದ ಜಗಳ ಶುರುವಾಯ್ತು. ಮುಂದೆ ಒಂದು ನಾಮಪದ ಬಂದರೆ ಫೆಸ್ಟ್ ‘ಫೆಸ್ಟೆಸ್’ ಆಗಬಹುದು. ಅವಳು ‘ಫೆಸ್-ಟೆಸ್’ ಅಂತ ಒಡೆದಳು. ಕನ್ನಡ ಲಿಪಿಯಲ್ಲಿ ಬೆಳೆದ ನನ್ನ ಕಣ್ಣಿಗೆ ಅದು ‘ಫೆ-ಸ್ಟೆಸ್’. ಪುಸ್ತಕವನ್ನು ನಾವು ಪು-ಸ್ತ-ಕ ಅಂತಲೇ ತಾನೇ ಬರೆಯೋದು? ಒತ್ತಕ್ಷರವನ್ನು ಕತ್ತರಿಸೋಕಾಗಲ್ಲ. ಆದರೆ ಛಂದಸ್ಸಿನ ಪಾಠದಲ್ಲಿ ‘ಪು’ ಗುರು. ಅಂದರೆ ನಮ್ಮ ಕಿವಿಯೂ ‘ಪುಸ್’ ಅಂತಲೇ ಕೇಳಿಸಿಕೊಳ್ಳುತ್ತೆ, ಕೈ ಮಾತ್ರ ಬೇರೆ ಬರೆಯುತ್ತೆ.

ಪಕ್ಕದ ಮನೆಯ ಅಜ್ಜಿ ನನ್ನ ಕಡೆ ಸೇರಿಕೊಂಡರು. ಅವರ ಶಾಲೆಯಲ್ಲಿ ‘ಎಸ್-ಟಿ’ ಜೋಡಿಯನ್ನು ಬಿಡಿಸಬೇಡಿ, ಅವಕ್ಕೆ ನೋವಾಗುತ್ತೆ ಅಂತ ಪ್ರಾಸ ಕಟ್ಟಿ ಕಲಿಸಿದ್ದರಂತೆ. 1996ರ ಕಾಗುಣಿತ ಸುಧಾರಣೆ ಆ ಜೋಡಿಯನ್ನು ಬಿಡಿಸಿತು. ಮೆಟ್ಟಿಲ ಬಳಿ ಅಂಟಿಸುವ ಚೀಟಿಗಳಲ್ಲಿ ಅಜ್ಜಿ ಈಗಲೂ ಹಳೇ ಥರಾನೇ ಒಡೆಯುತ್ತಾರೆ. ಮಗಳು ಅದನ್ನು ಓದಿ, ಕೆಂಪು ಪೆನ್ಸಿಲ್ ಕೇಳಿದಳು. ನಾನು ಕೊಡಲಿಲ್ಲ.