ಫ್ಲ್ಯಾಪ್ ಕೈಕೊಟ್ಟಾಗ 70 ನಾಟ್, 75 ಅಲ್ಲ

ಫ್ಲ್ಯಾಪ್ ಎಂದರೆ ರೆಕ್ಕೆಯ ಹಿಂಭಾಗದಲ್ಲಿ ಕೆಳಗೆ ಬಾಗಿ, ಇಳಿಯುವಾಗ ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ ಹಲಗೆ. ಅದು ಕೈಕೊಟ್ಟರೆ ಇಳಿಯುವುದು ಹೇಗೆ? ಮೊದಲು ಗಾಳಿಯ ಲೆಕ್ಕ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪುಸ್ತಕದ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚಾಯಿತು. ಬಿಸಿ ಗಾಳಿ ತೆಳು, ಹಾಗಾಗಿ ಡಿಗ್ರಿಗೆ 120 ಅಡಿಯಂತೆ 3,120 ಅಡಿ ಕೂಡಿಸಿ. ನೆಲದ ಮೇಲೇ ಇದ್ದರೂ ರೆಕ್ಕೆಯ ಪಾಲಿಗೆ ಅದು 6,100 ಅಡಿಯ ಗಾಳಿ. ಕೋಲಾರ, ತುಮಕೂರು ಸ್ವಲ್ಪ ತಗ್ಗಿನಲ್ಲಿವೆ, ಆದರೆ ಬೇಸಿಗೆಯಲ್ಲಿ ಅಲ್ಲಿಯ ಲೆಕ್ಕವೂ ಹೆಚ್ಚುಕಮ್ಮಿ ಇದೇ. ನಮ್ಮ ಬಯಲುಸೀಮೆಯ ಮೇಲೆ ಹಾರುವವರು ಫ್ಲ್ಯಾಪ್ ಇಲ್ಲದ ಇಳಿತವನ್ನು ಈ ಲೆಕ್ಕದಿಂದಲೇ ಶುರು ಮಾಡಬೇಕು. ಇಲ್ಲಿ ಕೊಟ್ಟಿರುವ ಅಂಕಿಗಳು ಸಣ್ಣ ವಿಮಾನ ಸೆಸ್ನಾ 172ಎಸ್‌ದು.

ಲಿವರ್ ಇಳಿಸಿದಿರಿ, ಫ್ಲ್ಯಾಪ್ ಅಲ್ಲಾಡಲಿಲ್ಲ. ಆ ಸರ್ಕ್ಯೂಟ್‌ನಲ್ಲೇ (ಇಳಿಯಲು ರನ್‌ವೇ ಸುತ್ತ ಹಾರುವ ಹಾದಿ) ಇಳಿಯುವ ಹಟ ಬೇಡ. ಎತ್ತರಕ್ಕೆ ಹೋಗಿ, ವಿಮಾನ ಸ್ಥಿರ ಮಾಡಿ, ಆಮೇಲೆ ಮಾಸ್ಟರ್ ಸ್ವಿಚ್, ಫ್ಲ್ಯಾಪ್ ಸರ್ಕ್ಯೂಟ್ ಬ್ರೇಕರ್ ನೋಡಿ. ಬ್ರೇಕರ್ ಹೊರಗೆ ಬಂದಿದ್ದರೆ ಒಂದೇ ಒಂದು ಸಲ ಒತ್ತಿ. ಬ್ರೇಕರ್ ಮತ್ತೆ ಹೊರಗೆ ಬಂದರೆ ಬಿಟ್ಟುಬಿಡಿ, ಮೋಟಾರ್ ಸುಡುವುದು ಬೇಡ. ಕಿಟಕಿಯಿಂದ ಎರಡೂ ಕಡೆಯ ಫ್ಲ್ಯಾಪ್ ಕಣ್ಣಾರೆ ನೋಡಿ. ಒಂದೇ ಕಡೆ ಇಳಿದು ವಿಮಾನ ವಾಲುತ್ತಿದ್ದರೆ ತಕ್ಷಣ ಫ್ಲ್ಯಾಪ್ ಮೇಲೆತ್ತಿ. ಇಂಧನ ಇದ್ದು, ಹತ್ತಿರದಲ್ಲಿ ಉದ್ದದ ರನ್‌ವೇ ಇದ್ದರೆ ಅಲ್ಲಿಗೇ ಹೋಗಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯ ನಿರ್ಧಾರ ಇದು.

ಚಿಕ್ಕ ರನ್‌ವೇಯಲ್ಲೇ ಇಳಿಯಬೇಕಾದರೆ ಮುಖ್ಯವಾದದ್ದು ವೇಗ. ಸ್ಪೀಡ್ ಡಯಲ್‌ನ ಬಿಳಿ ಪಟ್ಟಿ 40ರಿಂದ ಶುರುವಾಗುತ್ತದೆ; ಅದು ಫ್ಲ್ಯಾಪ್ ಪೂರ್ತಿ ಇಳಿದಾಗಿನ ಸ್ಟಾಲ್ ವೇಗ (ಇದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದಿಲ್ಲ), ಅದನ್ನು ಮರೆತುಬಿಡಿ. ಹಸಿರು ಪಟ್ಟಿಯ ಕೆಳತುದಿ 48; ಅದು ಫ್ಲ್ಯಾಪ್ ಇಲ್ಲದ ಸ್ಟಾಲ್. ಹಾಗಂತ ಇಳಿಯುವ ವೇಗಕ್ಕಾಗಿ 48ನ್ನು 1.3ರಿಂದ ಗುಣಿಸಿ 62 ಎಂದುಕೊಂಡರೆ ಕೆಟ್ಟಿರಿ. ಮೂಗು ಎತ್ತಿದ ಭಂಗಿಯಲ್ಲಿ ಪಿಟೋ (ವೇಗ ಅಳೆಯುವ ನಳಿಕೆ) ವೇಗವನ್ನು ಕಡಿಮೆ ತೋರಿಸುತ್ತದೆ. ತಿದ್ದಿದ ಸ್ಟಾಲ್ ವೇಗ 53, ಅದರ 1.3 ಪಟ್ಟು 69. ವಿಮಾನದ ಕೈಪಿಡಿಯೂ ಅಲ್ಲಿಗೇ ಬರುತ್ತದೆ: ಚಿಕ್ಕ ರನ್‌ವೇಯ ಇಳಿತದ ವೇಗ 61ಕ್ಕೆ 9 ಕೂಡಿಸಿ 70 ನಾಟ್, ದೂರಕ್ಕೆ 35 ಶೇಕಡಾ. ಕೈಪಿಡಿಯ ಕೋಷ್ಟಕ 50 ಅಡಿ ಎತ್ತರದಿಂದ ನಿಲ್ಲುವವರೆಗೆ 1,500 ಅಡಿ ಎಂದರೆ ನಿಮಗೆ 2,025 ಬೇಕು. 5 ನಾಟ್ ಹಿಂಗಾಳಿ ಇದ್ದರೆ, 2 ನಾಟಿಗೆ 10 ಶೇಕಡಾದಂತೆ, 2,500 ದಾಟುತ್ತದೆ.

ಇಲ್ಲಿ ಎರಡು ತಪ್ಪು ಎರಡು ದಿಕ್ಕಿನಿಂದ ಬರುತ್ತವೆ. ಭಯಕ್ಕೆ 5 ನಾಟ್ ಜಾಸ್ತಿ ಇಟ್ಟುಕೊಳ್ಳುವುದು ಒಂದು. ನಿಲ್ಲುವ ದೂರ ವೇಗದ ವರ್ಗದಂತೆ ಬೆಳೆಯುವುದರಿಂದ 70ರ ಬದಲು 75 ಆದರೆ 15 ಶೇಕಡಾ ರನ್‌ವೇ ಹೆಚ್ಚು ಬೇಕು, ಜೊತೆಗೆ ಫ್ಲ್ಯಾಪಿನ ಎಳೆತ ಇಲ್ಲದ ರೆಕ್ಕೆ ನೆಲದ ಹತ್ತಿರ ತೇಲುತ್ತಲೇ ಇರುತ್ತದೆ. ಗಾಳಿ ಬೀಸುಬೀಸಾಗಿದ್ದರೆ ಮಾತ್ರ ಏರಿಳಿತದ ಅರ್ಧ ಕೂಡಿಸಿ. ಇನ್ನೊಂದು ಕಣ್ಣಿನ ಮೋಸ. ತೆಳು ಗಾಳಿಯಲ್ಲಿ ಡಯಲ್ 70 ತೋರಿಸುವಾಗ ವಿಮಾನದ ನಿಜ ವೇಗ 76ರ ಮೇಲೆ. ನೆಲ ಬಿರಬಿರನೆ ಓಡಿದಂತೆ ಕಂಡು ಕೈ ತಾನಾಗಿ ಯೋಕ್ (ವಿಮಾನ ನಡೆಸುವ ಹಿಡಿಕೆ) ಎಳೆದು ವೇಗ ಇಳಿಸುತ್ತದೆ. ಬೇಸ್‌ನಿಂದ ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ಹಾದಿ) ತಿರುಗುವಾಗ ಇದು ಸಾವಿನ ದಾರಿ. ವಾಲು 30 ಡಿಗ್ರಿ ಮೀರದಿರಲಿ. ಎತ್ತರ ಎಷ್ಟೇ ಇರಲಿ, ಬಿಸಿಲು ಎಷ್ಟೇ ಇರಲಿ, ಡಯಲ್‌ನ ಅಂಕಿ ಮಾತ್ರ 70.

ಡೌನ್‌ವಿಂಡ್ (ರನ್‌ವೇಗೆ ಸಮಾನಾಂತರವಾದ ಹಾದಿ) ಉದ್ದ ಮಾಡಿ, ಫೈನಲ್ ಚಪ್ಪಟೆಯಾಗಿರುತ್ತದೆ. ಮೂಗು ಎತ್ತಿರುವುದರಿಂದ ರನ್‌ವೇಯ ತುದಿ ಕೌಲಿಂಗ್ (ಎಂಜಿನ್ ಮುಚ್ಚಳ) ಹಿಂದೆ ಮರೆಯಾಗುತ್ತದೆ. ಎತ್ತರ ಜಾಸ್ತಿಯಾದರೆ ಮೂಗು ಬಗ್ಗಿಸಬೇಡಿ, ಸ್ಲಿಪ್ ಮಾಡಿ: ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಎದುರು ಪಾದದಿಂದ ರಡರ್ ಒತ್ತಿ. ಫ್ಲ್ಯಾಪ್ 20 ಡಿಗ್ರಿಗಿಂತ ಹೆಚ್ಚಿದ್ದಾಗ ಕಡಿದಾದ ಸ್ಲಿಪ್ ಬೇಡ ಎಂಬ ಎಚ್ಚರಿಕೆ ಈಗ ಅನ್ವಯಿಸುವುದಿಲ್ಲ. ಆದರೆ ಸ್ಪೀಡ್ ಡಯಲ್‌ಗೆ ಹೊರಗಿನ ಗಾಳಿಯ ಒತ್ತಡ ತಲುಪಿಸುವ ಸ್ಟ್ಯಾಟಿಕ್ ರಂಧ್ರ ಎಡಮಗ್ಗುಲಲ್ಲಿರುವುದರಿಂದ ಸ್ಲಿಪ್‌ನಲ್ಲಿ ಮುಳ್ಳು ಸರಿ ಹೇಳುವುದಿಲ್ಲ. ಆಗ ಮೂಗಿನ ಭಂಗಿ ನಂಬಿ. ನೆಲ ಹತ್ತಿರವಾಗುವ ಮುಂಚೆಯೇ ನೇರ ಮಾಡಿಕೊಳ್ಳಿ.

ರನ್‌ವೇ ಮೇಲೆ ಬಂದ ಕೂಡಲೇ ಥ್ರಾಟಲ್ ಪೂರ್ತಿ ಹಿಂದಕ್ಕೆ. ಫ್ಲೇರ್ (ನೆಲ ತಾಗುವ ಮುಂಚೆ ಮೂಗು ಎತ್ತುವುದು) ತೀರಾ ಕಡಿಮೆ ಸಾಕು. ಮೂಗು ಹೆಚ್ಚು ಎತ್ತಿದರೆ ಬಾಲದ ಕೆಳಗಿನ ಕೊಂಡಿ ನೆಲಕ್ಕೆ ಉಜ್ಜುತ್ತದೆ. ಚಕ್ರ ತಾಗಿದ ಮೇಲೆ ಒಂದು ಅನುಕೂಲ ಇದೆ: ಫ್ಲ್ಯಾಪ್ ಇಲ್ಲದ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದು ಕಡಿಮೆ, ಭಾರ ಬೇಗ ಚಕ್ರದ ಮೇಲೆ ಕೂರುತ್ತದೆ. ಮೂಗಿನ ಚಕ್ರ ಇಳಿಸಿ, ಯೋಕ್ ಹಿಂದಕ್ಕೆ ಎಳೆದು, ಚಕ್ರ ಜಾರದಷ್ಟು ಗಟ್ಟಿಯಾಗಿ ಬ್ರೇಕ್ ಒತ್ತಿ. ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ತಾಗದಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟು ಮೇಲೇರಿ. ಎತ್ತಲು ಫ್ಲ್ಯಾಪೇ ಇಲ್ಲವಾದ್ದರಿಂದ ಗೋ ಅರೌಂಡ್ ಸುಲಭ. ಆದರೆ 6,100 ಅಡಿಯ ಗಾಳಿಯಲ್ಲಿ ಎಂಜಿನ್ ಸೊರಗಿರುತ್ತದೆ, ತಡ ಮಾಡಬೇಡಿ.

ನಿಂತ ಮೇಲೆ ದೋಷವನ್ನು ಲಾಗ್‌ನಲ್ಲಿ ಬರೆದು ಎಂಜಿನಿಯರ್‌ಗೆ ಒಪ್ಪಿಸಿ. ಬ್ರೇಕ್ ಡಿಸ್ಕ್ ಕಾದಿರುತ್ತದೆ, ಕೈ ಹಾಕಬೇಡಿ.